ಗಟ್ಟಿಯದೋ ಮೆತ್ತಗಿನದೋ: ತೆಗೆದು ಹಾಕುವ ಹಲ್ಲಿನ ಸೆಟ್ ಬಾಯಿಗೆ ಒಗ್ಗುವವರೆಗೆ

ನಾಲ್ಕೈದು ಹಲ್ಲು ಹೋದವರು ಕುರ್ಚಿಯಲ್ಲಿ ಕುಳಿತ ಕೂಡಲೇ ಹೇಳುವುದು ಹೆಚ್ಚಾಗಿ ಒಂದೇ ಮಾತು: "ಡಾಕ್ಟ್ರೇ, ಆ ಮೆತ್ತಗಿನ ಸೆಟ್ ಮಾಡಿಕೊಡಿ, ಬಗ್ಗಿಸಿದ್ರೂ ಮುರಿಯೂದಿಲ್ವಂತೆ." ಪಕ್ಕದ ಮನೆಯವರು ಹಾಕಿಸಿಕೊಂಡಿರುತ್ತಾರೆ. ಗುಲಾಬಿ ಬಣ್ಣದ್ದು, ತಂತಿ ಕಾಣದ್ದು. ಅದು ನೈಲಾನ್. ಅದನ್ನು ಬಿಟ್ಟರೆ ಬಳಕೆಯಲ್ಲಿರುವುದು ಮುಖ್ಯವಾಗಿ ಎರಡು. ಒಂದು, ಸ್ಟೀಲ್ ತಂತಿಯ ಕ್ಲಿಪ್ಪಿರುವ ಅಕ್ರಿಲಿಕ್ (ಗಟ್ಟಿ ಪ್ಲಾಸ್ಟಿಕ್) ಪ್ಲೇಟು. ಇನ್ನೊಂದು, ಎರಕ ಹೊಯ್ದ ಲೋಹದ ಚೌಕಟ್ಟು. ಜನ ಅದನ್ನು 'ಸ್ಟೀಲ್ ಸೆಟ್' ಅನ್ನುತ್ತಾರೆ, ಆದರೆ ಲೋಹ ಕೋಬಾಲ್ಟ್-ಕ್ರೋಮಿಯಂ. ಪೀಕ್ ಎಂಬ ಹೊಸ ಪ್ಲಾಸ್ಟಿಕ್ಕಿನ ಚೌಕಟ್ಟೂ ಈಗ ಬರುತ್ತಿದೆ. ಹಗುರ, ಲೋಹದ ರುಚಿಯಿಲ್ಲ. ಆದರೆ ಅದನ್ನು ಹೆಚ್ಚಾಗಿ ಕಂಪ್ಯೂಟರ್ ಮಿಲ್ಲಿಂಗ್ (ಕಂಪ್ಯೂಟರ್ ಹಿಡಿತದಲ್ಲಿ ಕೊರೆಯುವ ಯಂತ್ರ) ಇರುವ ಲ್ಯಾಬಿಗೆ ಕಳಿಸಬೇಕಾಗುತ್ತದೆ.

ಕಾರವಾರದಿಂದ ಹೊನ್ನಾವರದವರೆಗಿನ ಕರಾವಳಿ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ. ಇಲ್ಲಿನ ಬಾಯಿಗಳಿಗೆ ಈ ಎಲ್ಲ ಬಗೆಯನ್ನೂ ಕೂರಿಸಿ, ಆಮೇಲೆ ಅವು ಹೇಗೆ ನಡೆದುಕೊಳ್ಳುತ್ತವೆ ಎಂದು ನೋಡಿದವರಿಗೆ ಒಂದು ಅಭಿಪ್ರಾಯ ಗಟ್ಟಿಯಾಗುತ್ತದೆ. ಮೊದಲ ವಾರದ ಸುಖವೇ ಬೇರೆ, ಮೂರನೇ ವರ್ಷದ ಸುಖವೇ ಬೇರೆ. ಎರಡನೆಯದನ್ನು ತೀರ್ಮಾನಿಸುವುದು ವಸ್ತುವಿನ ಹೆಸರಲ್ಲ, ಅಗಿಯುವಾಗಿನ ಭಾರ ಹಲ್ಲಿನ ಮೇಲೆ ಬೀಳುತ್ತದೋ ಒಸಡಿನ ಮೇಲೆ ಬೀಳುತ್ತದೋ ಎಂಬುದು. ಹಲ್ಲನ್ನು ಒತ್ತಿದರೆ ಅದು ತನ್ನ ಗೂಡಿನಲ್ಲಿ ಮಿಲಿಮೀಟರಿನ ಒಂದು ಚಿಕ್ಕ ಪಾಲಿನಷ್ಟು ತಗ್ಗೀತು, ಅಷ್ಟೇ. ಒಸಡು ಅದರ ಹಲವು ಪಟ್ಟು ಕುಸಿಯುತ್ತದೆ. ಈ ವ್ಯತ್ಯಾಸವನ್ನು ಸಂಭಾಳಿಸುವುದೇ ಸೆಟ್ಟಿನ ಕೆಲಸ. ಮೆತ್ತಗಿನ ವಸ್ತುವಿಗೆ ಅದು ಕಷ್ಟ.

ಹಾಗಾಗಿ ಮೊದಲು ನೋಡುವುದು ಸಾಲಿನ ಕೊನೆಯಲ್ಲಿ ಹಲ್ಲು ಉಳಿದಿದೆಯೇ ಎಂದು. 1925ರಲ್ಲಿ ದಂತವೈದ್ಯ ಎಡ್ವರ್ಡ್ ಕೆನಡಿ ಮಾಡಿಕೊಟ್ಟ ನಾಲ್ಕು ವರ್ಗಗಳೇ ಇಂದಿಗೂ ಚಾಲ್ತಿಯಲ್ಲಿವೆ. ಎರಡೂ ಕಡೆ ಹಿಂದಿನ ದವಡೆ ಹಲ್ಲು ಇಲ್ಲದಿದ್ದರೆ ಒಂದನೆಯದು, ಒಂದೇ ಕಡೆ ಇಲ್ಲದಿದ್ದರೆ ಎರಡನೆಯದು, ಹಿಂದೆಯೂ ಮುಂದೆಯೂ ಹಲ್ಲಿದ್ದು ನಡುವೆ ಖಾಲಿ ಇದ್ದರೆ ಮೂರನೆಯದು, ಎದುರಿನ, ಅಂದರೆ ಮುಂಭಾಗದ, ಹಲ್ಲುಗಳು ನಡುಗೆರೆ ದಾಟಿ ಹೋಗಿದ್ದರೆ ನಾಲ್ಕನೆಯದು. ಮೂರನೆಯ ವರ್ಗದವರು ಅದೃಷ್ಟವಂತರು, ಅವರ ಸೆಟ್ಟಿಗೆ ಎರಡೂ ತುದಿಯಲ್ಲಿ ಆಧಾರವಿರುತ್ತದೆ. ತಂಟೆ ಇರುವುದು ಒಂದು, ಎರಡನೇ ವರ್ಗದಲ್ಲಿ, ಅದರಲ್ಲೂ ಕೆಳದವಡೆಯಲ್ಲಿ. ಅಲ್ಲಿ ಹಿಂದಿನ ತುದಿ ಒಸಡಿನ ಮೇಲೆ ಕೂತಿರುತ್ತದೆ, ಮುಂದಿನ ತುದಿ ಹಲ್ಲಿನ ಮೇಲೆ. ಗಜನಿ ಗದ್ದೆಯ ಕೆಸರಿನಲ್ಲಿ ಅಗಲದ ಹಲಗೆ ಹಾಕಿಕೊಂಡರೆ ಕಾಲು ಹೂತುಹೋಗುವುದಿಲ್ಲ ತಾನೇ, ಹಾಗೆ ಅಲ್ಲಿ ಪ್ಲೇಟು ಅಗಲವಾಗಿ ಹರಡಿರಬೇಕು, ಬಾಗಲೂ ಬಾರದು. ಬಾಗುವ ಹಲಗೆ ನಡುವಲ್ಲೇ ತಗ್ಗುತ್ತದೆ.

ಘಟ್ಟದ ಮೇಲಿನವರಲ್ಲಿ ಕವಳ (ಎಲೆ-ಅಡಿಕೆ) ಹಾಕುವ ಅಭ್ಯಾಸ ಹೆಚ್ಚು. ಆದ್ದರಿಂದ ಹಲ್ಲಿಗಿಂತ ಮೊದಲು ಕೆನ್ನೆಯ ಒಳಭಾಗ, ನಾಲಿಗೆಯ ಅಂಚು ನೋಡಲೇಬೇಕು. ಬಿಳಿ ಅಥವಾ ಕೆಂಪು ಕಲೆ, ಎರಡು ವಾರ ದಾಟಿದರೂ ಮಾಗದ ಹುಣ್ಣು ಕಂಡರೆ ಸೆಟ್ಟಿನ ಮಾತು ಬದಿಗಿಟ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸುವುದೇ ಸರಿ. ಇನ್ನು ಅಡಿಕೆ, ಗುಟ್ಕಾ ಜಗಿದು ಜಗಿದು ಕೆನ್ನೆ ನಾರುಗಟ್ಟಿದವರಿಗೆ ಬಾಯಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ, ಅಚ್ಚಿನ ಟ್ರೇ ಒಳಗೆ ಹೋಗುವುದಿಲ್ಲ. ಇಂಥವರಿಗೆ ನೈಲಾನ್ ನಿಜಕ್ಕೂ ಉಪಕಾರಿ. ಬಿಸಿನೀರಿನಲ್ಲಿ ಒಂದು ನಿಮಿಷ ಇಟ್ಟು ಬಗ್ಗಿಸಿ ಒಳಗೆ ಹಾಕಬಹುದು, ಗಟ್ಟಿ ಪ್ಲೇಟಿನಲ್ಲಿ ಅದು ಸಾಧ್ಯವಿಲ್ಲ.

ಸುಖ, ಕಷ್ಟ ಎಂದು ಬಾಯಿಮಾತಲ್ಲಿ ಹೇಳಿದರೆ ಆಮೇಲೆ ಹೋಲಿಸಲು ಬರುವುದಿಲ್ಲ. ಅದಕ್ಕೆ ಒಎಚ್‌ಐಪಿ-14 (ಓರಲ್ ಹೆಲ್ತ್ ಇಂಪ್ಯಾಕ್ಟ್ ಪ್ರೊಫೈಲ್) ಎಂಬ ಪ್ರಶ್ನಾವಳಿ ಇದೆ. 1994ರಲ್ಲಿ ಸ್ಲೇಡ್ ಮತ್ತು ಸ್ಪೆನ್ಸರ್ ಆಸ್ಟ್ರೇಲಿಯಾದಲ್ಲಿ ಮಾಡಿದ್ದು 49 ಪ್ರಶ್ನೆಗಳದ್ದು. 1997ರಲ್ಲಿ ಸ್ಲೇಡ್ ಅದನ್ನು 14ಕ್ಕೆ ಇಳಿಸಿದರು. ಮಾತು ತೊದಲುತ್ತದೆಯೇ, ರುಚಿ ಕೆಟ್ಟಿದೆಯೇ, ನೋವಿದೆಯೇ, ಊಟ ಅರ್ಧಕ್ಕೆ ಬಿಟ್ಟು ಏಳಬೇಕಾಗುತ್ತದೆಯೇ, ನಾಲ್ಕು ಜನರ ನಡುವೆ ಮುಜುಗರವಾಗುತ್ತದೆಯೇ, ಸಣ್ಣದಕ್ಕೂ ಸಿಟ್ಟು ಬರುತ್ತದೆಯೇ, ಹೀಗೆ. ಪ್ರತಿ ಉತ್ತರಕ್ಕೆ 0ಯಿಂದ 4 ಅಂಕ. ಎಲ್ಲ ಕೂಡಿಸಿದರೆ ಹೆಚ್ಚೆಂದರೆ 56. ಅಂಕ ಇಳಿದಷ್ಟೂ ಒಳ್ಳೆಯದು. ಅಚ್ಚು ತೆಗೆಯುವ ಮೊದಲು ಒಮ್ಮೆ, ಸೆಟ್ ಕೊಟ್ಟು ತಿಂಗಳಿಗೆ ಒಮ್ಮೆ, ಆರು ತಿಂಗಳಿಗೆ ಮತ್ತೊಮ್ಮೆ ಕೇಳಿದರೆ ಚಿತ್ರ ಸಿಗುತ್ತದೆ. ಊರಿಗೆ ತಕ್ಕ ಒಂದೆರಡು ಪ್ರಶ್ನೆಯನ್ನು ಪಕ್ಕಕ್ಕೆ ಸೇರಿಸಿಕೊಳ್ಳಬೇಕು. ಮದುವೆ ಊಟಕ್ಕೆ ಕೂತಾಗ ಸೆಟ್ ತೆಗೆದು ಕಿಸೆಗೆ ಹಾಕುತ್ತೀರಾ? ಬಂಗಡೆ ತಿನ್ನುವುದು ಬಿಟ್ಟಿದ್ದೀರಾ? 14 ಪ್ರಶ್ನೆಗಳಿಗೆ 'ಏನೂ ತೊಂದ್ರೆ ಇಲ್ಲ' ಎಂದವರು ಈ ಎರಡಕ್ಕೆ ನಿಜ ಹೇಳುತ್ತಾರೆ.

ಅಚ್ಚು ತೆಗೆಯುವುದು ಆಲ್ಜಿನೇಟ್ ಪುಡಿಯಲ್ಲಿ. ಏಪ್ರಿಲ್, ಮೇ ತಿಂಗಳ ಕರಾವಳಿಯಲ್ಲಿ ನಲ್ಲಿ ನೀರಿನಿಂದ ಕಲಸಿದರೆ ಟ್ರೇ ಬಾಯಿಗೆ ಹೋಗುವ ಮೊದಲೇ ಹಿಡಿದುಕೊಳ್ಳುತ್ತದೆ. ಈ ಪುಡಿಗೆ ಬೇಕಾದ ನೀರು 20ರಿಂದ 23 ಡಿಗ್ರಿಯದು. ಹಾಗಾಗಿ ಫ್ರಿಜ್ಜಿನ ನೀರು ಬೆರೆಸಿಕೊಳ್ಳಬೇಕು. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸಡಿಲ ಬಿಟ್ಟರೆ ಪುಡಿ ತೇವ ಹೀರಿ ಗಂಟಾಗುತ್ತದೆ, ಅಂಥ ಪುಡಿಯ ಅಚ್ಚು ಹರಿದುಹೋಗುತ್ತದೆ. ತೆಗೆದ ಅಚ್ಚಿಗೆ ಹತ್ತು-ಹದಿನೈದು ನಿಮಿಷದೊಳಗೆ ಸ್ಟೋನ್ ಎಂಬ ಗಟ್ಟಿ ಪ್ಲಾಸ್ಟರ್ ಹೊಯ್ಯಬೇಕು. ಒಣಗಲು ಬಿಟ್ಟರೆ ಕುಗ್ಗುತ್ತದೆ, ನೀರಲ್ಲಿ ಮುಳುಗಿಸಿಟ್ಟರೆ ಉಬ್ಬುತ್ತದೆ. ಸ್ಟೋನ್‌ಗೆ 100 ಗ್ರಾಂ ಪುಡಿಗೆ 30 ಮಿಲಿ ನೀರು, ತೂಕ ಮಾಡಿಯೇ. ಕಣ್ಣಂದಾಜಿನಲ್ಲಿ ನೀರು ಹೆಚ್ಚಾದರೆ ಮಾದರಿ ಮೆತ್ತಗಾಗಿ, ಕ್ಲಿಪ್ ಕೂರುವ ಜಾಗವೇ ಸವೆದುಹೋಗುತ್ತದೆ. ಸೆಟ್ ಬಾಯಲ್ಲಿ ಸಡಿಲವಾದಾಗ ವಸ್ತುವನ್ನು ಬಯ್ಯುವವರೇ ಎಲ್ಲರೂ. ಎಷ್ಟೋ ಸಲ ಕೆಟ್ಟಿರುವುದು ಈ ಹಂತದಲ್ಲಿ.

ಲೋಹದ ಸೆಟ್ ಆದರೆ ಅಚ್ಚಿಗೆ ಮೊದಲೇ ಬಾಯಲ್ಲಿ ಒಂದು ಕೆಲಸವಿದೆ. ಆಧಾರದ ಹಲ್ಲಿನ ಅಗಿಯುವ ಮೇಲ್ಮೈಯಲ್ಲಿ, ದಂತಕವಚ ದಾಟದಂತೆ, ಚಮಚದ ಆಕಾರದ 1ರಿಂದ 1.5 ಮಿ.ಮೀ. ಆಳದ ಗುಳಿ ಕೊರೆಯುತ್ತೇವೆ. ಚೌಕಟ್ಟಿನಿಂದ ಚಾಚಿದ ರೆಸ್ಟ್ ಎಂಬ ಚಿಕ್ಕ ಲೋಹದ ತುದಿ ಅದರಲ್ಲಿ ಕೂರುತ್ತದೆ. ಭಾರ ಹಲ್ಲಿಗೆ ಇಳಿಯುವ ದಾರಿ ಇದೇ. 'ಒಳ್ಳೆ ಹಲ್ಲನ್ನ ಯಾಕೆ ಕೊರೀತೀರಿ' ಎಂಬ ಸಿಟ್ಟು ಬರುವುದೂ ಇಲ್ಲೇ. ಕೊರೆಯದೆ ಬಿಟ್ಟರೆ ರೆಸ್ಟ್ ಎತ್ತರವಾಗಿ ಮೇಲಿನ ಹಲ್ಲಿಗೆ ಬಡಿಯುತ್ತದೆ, ಇಲ್ಲವೇ ಲ್ಯಾಬಿನವರು ಅದನ್ನು ತೆಳ್ಳಗೆ ಮಾಡುತ್ತಾರೆ. ತೆಳ್ಳಗಾದದ್ದು ಬುಡದಲ್ಲಿ ತುಂಡಾಗುತ್ತದೆ.

ಆಮೇಲೆ ಮಾದರಿಯನ್ನು ಸರ್ವೇಯರ್ ಎಂಬ ಅಳತೆಯ ಉಪಕರಣದ ಮೇಲಿಟ್ಟು ಪ್ರತಿ ಹಲ್ಲಿನ ಉಬ್ಬಿನ ಕೆಳಗೆ ಎಷ್ಟು ಸಂದು ಇದೆ ಎಂದು ಅಳೆಯುವುದು. ಎರಕದ ಕೋಬಾಲ್ಟ್-ಕ್ರೋಮಿಯಂ ಕ್ಲಿಪ್ಪಿನ ತುದಿ 0.25 ಮಿ.ಮೀ. ಸಂದಿನಲ್ಲಿ ಕೂತರೆ ಸಾಕು. ಬಗ್ಗಿಸಿದ ಸ್ಟೀಲ್ ತಂತಿಗೆ 0.5 ಮಿ.ಮೀ. ವರೆಗೆ ಹೋಗಬಹುದು, ತಂತಿ ಹೆಚ್ಚು ಬಾಗುತ್ತದೆ. ಲೋಹದ ಕ್ಲಿಪ್ಪನ್ನು ಗಟ್ಟಿ ಹಿಡಿಯಲಿ ಎಂದು 0.5ಕ್ಕೆ ಇಟ್ಟರೆ ತೆಗೆದು ಹಾಕುವ ಪ್ರತಿ ಸಲವೂ ಹಲ್ಲನ್ನು ಎಳೆಯುತ್ತದೆ. ರೋಗಿಗೆ ಮೊದಲು ಬಿಗಿ ಎಂದು ಖುಷಿ, ಕೆಲವೇ ತಿಂಗಳಿಗೆ ಆ ಹಲ್ಲು ಅಲ್ಲಾಡತೊಡಗುತ್ತದೆ.

ಎರಕದ ಕೆಲಸ ಹುಬ್ಬಳ್ಳಿ, ಮಂಗಳೂರಿನ ಲ್ಯಾಬುಗಳಿಗೆ ಪಾರ್ಸೆಲ್ ಹೋಗುವುದೇ ಹೆಚ್ಚು. ಲೋಹದಲ್ಲಿ ಕೋಬಾಲ್ಟ್ ಸುಮಾರು 60 ಪ್ರತಿಶತ, ಕ್ರೋಮಿಯಂ 25ರಿಂದ 30, ಜೊತೆಗೆ 5ರ ಆಸುಪಾಸು ಮಾಲಿಬ್ಡಿನಂ. ತುಕ್ಕು ಹಿಡಿಯದಿರುವುದು ಕ್ರೋಮಿಯಂನಿಂದ. ತಣಿಯುವಾಗ ಈ ಲೋಹ ಶೇ. 2ಕ್ಕಿಂತ ಸ್ವಲ್ಪ ಹೆಚ್ಚು ಕುಗ್ಗುತ್ತದೆ, ಅದನ್ನು ತುಂಬಿಕೊಡಲು ಹಿಗ್ಗುವ ಫಾಸ್ಫೇಟ್ ಅಚ್ಚಿನಲ್ಲೇ ಹೊಯ್ಯಬೇಕು. ನಿಕ್ಕಲ್ ಬೆರೆತ ಅಗ್ಗದ ಮಿಶ್ರಲೋಹಗಳೂ ಉಂಟು. ಕಿವಿಯೋಲೆ, ವಾಚಿನ ಬಕಲ್ ತಾಗಿದಲ್ಲಿ ತುರಿಕೆ ಬರುವವರು ಅದನ್ನು ಮೊದಲೇ ಹೇಳಬೇಕು. ಚೌಕಟ್ಟು ವಾಪಸ್ ಬಂದಾಗ ಹಲ್ಲು ಜೋಡಿಸುವ ಮೊದಲೇ ಬಾಯಲ್ಲಿಟ್ಟು ನೋಡುವುದು ಕಡ್ಡಾಯ. ಒಳಬದಿಯಲ್ಲಿ ಸಾಸಿವೆಗಿಂತ ಸಣ್ಣ ಲೋಹದ ಗುಳ್ಳೆ ಇದ್ದರೂ ಇಡೀ ಚೌಕಟ್ಟು ಕುಂಟುತ್ತದೆ. ರೆಸ್ಟ್ ಪೂರ್ತಿ ಕೂತು, ಒಂದು ಕಡೆ ಬೆರಳಿಟ್ಟು ಒತ್ತಿದಾಗ ಇನ್ನೊಂದು ಕಡೆ ಏಳದಿದ್ದರೆ ಮಾತ್ರ ಮುಂದಿನ ಕೆಲಸ.

ಇಷ್ಟೆಲ್ಲ ಪಾಡು ಯಾಕೆಂದರೆ, ಅಂಗುಳಿನ ಮೇಲೆ ಲೋಹ ಅರ್ಧ ಮಿಲಿಮೀಟರಿನಷ್ಟು ತೆಳುವಿದ್ದರೂ ಬಾಗುವುದಿಲ್ಲ. ಅಕ್ರಿಲಿಕ್ 2 ಮಿ.ಮೀ. ಆದರೂ ಬೇಕು. ಬಾಯಲ್ಲಿ ಆ ಒಂದೂವರೆ ಮಿಲಿಮೀಟರ್ ಸಣ್ಣದಲ್ಲ. ಮುಂದಿನ ಹಲ್ಲುಗಳ ಹಿಂದೆ ನಾಲಿಗೆ ತಾಗುವ ಜಾಗ ದಪ್ಪವಾದರೆ 'ಸ', 'ಶ', 'ಚ' ಎಲ್ಲ ಶಿಳ್ಳೆಯಾಗುತ್ತವೆ. ಕಾರವಾರದ ಕೊಂಕಣಿ ಮನೆಗಳವರಿಗೆ ತೊಡಕು ಇನ್ನೂ ಹೆಚ್ಚು, ಅವರ ಮಾತಿನಲ್ಲಿ ಹಲ್ಲಿಗೆ ತಾಗಿಸಿ ಹೇಳುವ ಚ, ಜ ಬೇರೆಯೇ ಇವೆ. ತಾಳಮದ್ದಲೆಯಲ್ಲಿ ಅರ್ಥ ಹೇಳುವವರಿಗಂತೂ ಅಂಗುಳಿನ ದಪ್ಪವೇ ಮೊದಲ ಪ್ರಶ್ನೆ, ನೋವು ಎರಡನೆಯದು. ಬಿಸಿಯ ವಿಷಯವೂ ಇದೆ. ಅಕ್ರಿಲಿಕ್ ಶಾಖ ದಾಟಿಸುವುದಿಲ್ಲ. ಅಂಗುಳಿಗೆ ಗೊತ್ತಾಗದೆ ಕುದಿಯುವ ಕಷಾಯ ಗಂಟಲಿಗಿಳಿದು ಸುಡುತ್ತದೆ, 'ಊಟಕ್ಕೆ ರುಚಿಯೇ ಇಲ್ಲ' ಎಂಬ ದೂರೂ ಅದರ ಬಾಲವೇ. ಲೋಹ ಶಾಖ ದಾಟಿಸುತ್ತದೆ.

ಅಕ್ರಿಲಿಕ್ ಬೇಯಿಸುವುದು ಕೇಳಲು ಸುಲಭ. ಪುಡಿ ಮೂರು ಪಾಲು, ದ್ರವ ಒಂದು ಪಾಲು. ಮುಚ್ಚಿಟ್ಟರೆ ಮೊದಲು ಮರಳಿನಂತೆ, ಆಮೇಲೆ ಎಳೆಎಳೆಯಾಗಿ, ಬಳಿಕ ಕೈಗೆ ಅಂಟದ ಕಣಕವಾಗುತ್ತದೆ. ಆಗಲೇ ಫ್ಲಾಸ್ಕ್ ಎಂಬ ಅಚ್ಚಿನ ಪೆಟ್ಟಿಗೆಗೆ ತುಂಬಬೇಕು. ಎಳೆ ಬರುವಾಗ ತುಂಬಿದರೆ ಒತ್ತಡ ಸಾಲದೆ ರಂಧ್ರವಾಗುತ್ತದೆ, ರಬ್ಬರಿನಂತಾದ ಮೇಲೆ ತುಂಬಿದರೆ ಹಲ್ಲುಗಳು ಜಾಗ ಬಿಟ್ಟು ಸರಿಯುತ್ತವೆ. ನೀರಲ್ಲಿ ಬೇಯಿಸುವುದು 74 ಡಿಗ್ರಿಯಲ್ಲಿ ಒಂದೂವರೆ ಗಂಟೆ, ಮತ್ತೆ ಕುದಿಯುವ ನೀರಲ್ಲಿ ಒಂದು ಗಂಟೆ. ಇಲ್ಲವೇ 74ರಲ್ಲೇ ಎಂಟು-ಒಂಬತ್ತು ಗಂಟೆ. ಆ ದ್ರವ 100 ಡಿಗ್ರಿ ದಾಟುತ್ತಲೇ ತಾನೇ ಕುದಿಯುತ್ತದೆ. ಅವಸರಕ್ಕೆ ನೇರ ಕುದಿನೀರಿಗೆ ಹಾಕಿದರೆ ದಪ್ಪ ಜಾಗದ ಒಳಗೆಲ್ಲ ಗುಳ್ಳೆ.

ಆದರೆ ಜೂನ್, ಜುಲೈನಲ್ಲಿ ಘಟ್ಟದ ಮೇಲೆ ಕರೆಂಟು ಹೇಳಿ ಕೇಳಿ ಹೋಗುವುದಿಲ್ಲ. ಗಾಳಿಗೆ ಮರ ಬಿದ್ದರೆ ಸಂಜೆಯವರೆಗೂ ಇಲ್ಲ. ಅರ್ಧ ಬೆಂದ ಅಕ್ರಿಲಿಕ್ಕಿನಲ್ಲಿ ಸೇರದೆ ಉಳಿದ ದ್ರವ ಜಾಸ್ತಿ ಇರುತ್ತದೆ. ಸರಿಯಾಗಿ ಬೆಂದದ್ದರಲ್ಲಿ ಅದು ಅರ್ಧ ಪ್ರತಿಶತಕ್ಕಿಂತ ಕಡಿಮೆ. ಬೇಯಿಸದೆ ಕೋಣೆಯ ಬಿಸಿಯಲ್ಲೇ ಗಟ್ಟಿಯಾಗುವ ಬಗೆಯದರಲ್ಲಿ 3ರಿಂದ 5 ಪ್ರತಿಶತ. ಒಸಡು ಉರಿ, ಕಹಿ ವಾಸನೆ, ಬೇಗ ಬಿರುಕು ಬಿಡುವುದು, ಎಲ್ಲಕ್ಕೂ ಇದೇ ಕಾರಣ. ಅದಕ್ಕೆ ಗ್ಯಾಸ್ ಒಲೆ, ಥರ್ಮಾಮೀಟರ್ ಪಕ್ಕದಲ್ಲೇ ಇರಬೇಕು, ನಡುವೆ ನಿಂತ ಬೇಯಿಸುವಿಕೆಯನ್ನು ಮತ್ತೆ ಪೂರ್ತಿ ಸುತ್ತು ಮಾಡಬೇಕು. ಬೆಂದ ಫ್ಲಾಸ್ಕನ್ನು ತಣ್ಣೀರಿಗೆ ಹಾಕದೆ ತಾನಾಗೇ ಆರಲು ಬಿಡುವುದು, ತೆಗೆದ ಸೆಟ್ಟನ್ನು ಕೊಡುವ ಮೊದಲು 24 ಗಂಟೆ ನೀರಲ್ಲಿಡುವುದು, ಇವೆರಡನ್ನೂ 'ನಾಳೆ ಉಪನಯನ ಇದೆ, ಇವತ್ತೇ ಬೇಕು' ಎಂದವರಿಗಾಗಿ ಬಿಡಬಾರದು.

ನೈಲಾನಿನ ದಾರಿ ಬೇರೆ. ಅಲ್ಯೂಮಿನಿಯಂ ತೋಟಾದಲ್ಲಿ ಬರುವ ಕಾಳುಗಳನ್ನು 280 ಡಿಗ್ರಿಯ ಆಸುಪಾಸಿಗೆ ಕರಗಿಸಿ, ಒತ್ತಡ ಕೊಟ್ಟು ಅಚ್ಚಿನೊಳಗೆ ತಳ್ಳುತ್ತಾರೆ. ನೈಲಾನ್ ಗಾಳಿಯ ತೇವ ಹೀರುವ ವಸ್ತು. ಮಳೆಗಾಲದಲ್ಲಿ ತೋಟಾ ಒಣಗಿಸದೆ ಬಳಸಿದರೆ ಒಳಗೆ ಗುಳ್ಳೆ, ಬೆಳ್ಳನೆಯ ಗೆರೆ. ಇನ್ನೊಂದು ಮುಖ್ಯ ಸಂಗತಿ: ಅಕ್ರಿಲಿಕ್ ಹಲ್ಲು ನೈಲಾನಿಗೆ ರಾಸಾಯನಿಕವಾಗಿ ಅಂಟುವುದೇ ಇಲ್ಲ. ಪ್ರತಿ ಹಲ್ಲಿನ ಬುಡದಲ್ಲಿ ಇಂಗ್ಲಿಷಿನ ಟಿ ಅಕ್ಷರದ ಹಾಗೆ ತೂತು ಕೊರೆದು, ನೈಲಾನ್ ಅದರೊಳಗೆ ಹರಿದು ಬಂಧಿಸುವಂತೆ ಮಾಡಬೇಕು. ಮೇಲಿನ, ಕೆಳಗಿನ ದವಡೆಯ ನಡುವೆ ಜಾಗ ಕಡಿಮೆ ಇದ್ದವರಲ್ಲಿ ಹಲ್ಲೇ ಗಿಡ್ಡ, ತೂತಿಗೆ ಜಾಗವಿಲ್ಲ. ಅಂಥ ಸೆಟ್ಟಿನಿಂದ ಒಂದೊಂದೇ ಹಲ್ಲು ಉದುರುತ್ತದೆ.

ಸೆಟ್ ಕೊಟ್ಟ ದಿನ ಯಾವ ವಸ್ತುವಾದರೂ ಬಾಯಿ ತುಂಬ ನೀರು, ಬಾಯಲ್ಲಿ ಏನೋ ಇಟ್ಟುಕೊಂಡ ಹಾಗೆ. ಒಂದೆರಡು ವಾರದಲ್ಲಿ ಕಡಿಮೆಯಾಗುತ್ತದೆ. ಮರುದಿನ ಮತ್ತು ಮೂರನೇ ದಿನ ಬರಲು ಹೇಳುತ್ತೇವೆ. ನೋವೆಂದು ತೆಗೆದಿಟ್ಟು ಬರಿಬಾಯಲ್ಲಿ ಬಂದರೆ ಎಲ್ಲಿ ಒತ್ತುತ್ತದೆ ಎಂದು ಕಾಣುವುದಿಲ್ಲ. ಬರುವ ಮುಂಚೆ ಮೂರ್ನಾಲ್ಕು ತಾಸು ಹಾಕಿಕೊಂಡಿದ್ದರೆ ಒಸಡಿನ ಮೇಲೆ ಕೆಂಪು ಗುರುತು ಬಿದ್ದಿರುತ್ತದೆ, ಸೆಟ್ಟಿಗೆ ಗುರುತಿನ ಪೇಸ್ಟ್ ಹಚ್ಚಿ, ಒತ್ತುವ ಜಾಗವನ್ನಷ್ಟೇ ಉಜ್ಜಿ ತೆಗೆಯಬಹುದು. ಮೊದಲ ವಾರ ಗಂಜಿ, ಮೆತ್ತಗಿನ ಪಲ್ಯ, ಮುಳ್ಳು ಬಿಡಿಸಿದ ಮೀನು, ಎರಡೂ ಕಡೆ ಸಮವಾಗಿ ಅಗಿಯುವುದು. ಎದುರಿನ ಹಲ್ಲಿನಿಂದ ಕಚ್ಚಿ ಎಳೆಯುವುದು ಬೇಡ. ತಾರ್ಲೆ, ಬಂಗಡೆಯ ಸಣ್ಣ ಮುಳ್ಳು ಕೆಳಗಿನ ಪ್ಲೇಟಿನಡಿ ಹೋದರೆ ಪ್ರಾಣ ಹೋದಂತಾಗುತ್ತದೆ, ತಕ್ಷಣ ತೆಗೆದು ತೊಳೆಯಿರಿ.

ತಿಂಗಳ ಪ್ರಶ್ನಾವಳಿಯಲ್ಲಿ ನೈಲಾನ್ ಹಾಕಿಸಿಕೊಂಡವರ ಉತ್ತರ ಚೆನ್ನಾಗಿಯೇ ಇರುತ್ತದೆ. ಹಗುರ, ತಂತಿ ಕಾಣುವುದಿಲ್ಲ, ಎಲ್ಲೂ ಚುಚ್ಚುವುದಿಲ್ಲ. ಎದುರಿನ ಒಂದೆರಡು ಹಲ್ಲು ಹೋದವರಿಗೆ, ನಗುವಾಗ ಕ್ಲಿಪ್ ಕಂಡರೆ ಸಂಕೋಚಪಡುವ ಪ್ರಾಯದವರಿಗೆ ಇದು ಸಣ್ಣ ಸಂಗತಿಯಲ್ಲ, ನಾವೂ ಸಂತೋಷದಿಂದಲೇ ಮಾಡಿಕೊಡುತ್ತೇವೆ. ಅದೇ ವಸ್ತುವನ್ನು ಕೆಳದವಡೆಯ ಎರಡೂ ಕಡೆಯ ದವಡೆ ಹಲ್ಲಿನ ಬದಲಿಗೆ ಕೂರಿಸಿದಾಗ ಕತೆ ಬೇರೆ. ರೆಸ್ಟ್ ಇಲ್ಲ, ಇದ್ದರೂ ಬಾಗುತ್ತದೆ. ಪ್ರತಿ ತುತ್ತಿಗೂ ಹಿಂದಿನ ತುದಿ ಒಸಡಿಗೆ ಇಳಿಯುತ್ತದೆ, ಒಸಡಿನ ಅಂಚನ್ನು ಕೆಳಕ್ಕೆ ಸವರುತ್ತದೆ, ಕೆಳಗಿನ ಮೂಳೆ ನಿಧಾನಕ್ಕೆ ಕರಗುತ್ತದೆ. ನೋವು ಇರುವುದಿಲ್ಲ, ಅದೇ ಅಪಾಯ. ಒಂದು ದಿನ ಹಿಂದಿನ ಹಲ್ಲುಗಳು ಮೇಲಿನದಕ್ಕೆ ತಾಗುತ್ತಲೇ ಇಲ್ಲ, ಅಗಿಯುವುದೆಲ್ಲ ಎದುರಿನ ಹಲ್ಲಿನಲ್ಲಿ. ರೆಸ್ಟ್ ಇಲ್ಲದ ಅಕ್ರಿಲಿಕ್ ಪ್ಲೇಟಿನದೂ ಇದೇ ತಪ್ಪು. ಹಲ್ಲು ಕಿತ್ತ ಹೊಸದರಲ್ಲಿ, ಮೂಳೆ ಬೇಗ ತಗ್ಗುವ ಮೊದಲ ಮೂರರಿಂದ ಆರು ತಿಂಗಳಿಗೆ ತಾತ್ಕಾಲಿಕವಾಗಿ ಅದು ಸಾಕು, ಅಗ್ಗವೂ ಹೌದು. ಅದನ್ನೇ ಹತ್ತು ವರ್ಷ ಎಳೆದರೆ ಪಕ್ಕದ ಒಳ್ಳೆಯ ಹಲ್ಲೂ ಹೋಗುತ್ತದೆ.

ಸೆಟ್ ತಗ್ಗಿದೆ ಎಂದು ಗೊತ್ತಾದಾಗ ಅಕ್ರಿಲಿಕ್ ತಳವಿದ್ದರೆ ಒಳಬದಿಗೆ ಹೊಸ ಅಕ್ರಿಲಿಕ್ ಪದರ ಹಾಕಿ ಸರಿಮಾಡಬಹುದು. ಲೋಹದ ಸೆಟ್ಟಿನಲ್ಲೂ ಒಸಡಿನ ಮೇಲೆ ಕೂರುವ ಭಾಗ ಅಕ್ರಿಲಿಕ್ಕೇ ಆದ್ದರಿಂದ ಅದಕ್ಕೂ ನಡೆಯುತ್ತದೆ. ನೈಲಾನಿಗೆ ಕುರ್ಚಿಯ ಪಕ್ಕದಲ್ಲೇ ಇದನ್ನು ಮಾಡಲು ಬರುವುದಿಲ್ಲ, ಮತ್ತೆ ಲ್ಯಾಬು, ಬಹಳ ಸಲ ಹೊಸ ಸೆಟ್ಟೇ.

ತೊಳೆಯುವುದು ಮೆದು ಬ್ರಷ್, ಕೈ ತೊಳೆಯುವ ಸೋಪಿನಿಂದ. ಟೂತ್‌ಪೇಸ್ಟ್ ಅಕ್ರಿಲಿಕ್ಕನ್ನು ಗೀರುತ್ತದೆ. ನೈಲಾನಿನ ಮೇಲ್ಮೈಗೆ ಹೊಳಪು ಕೊಡುವುದೇ ಕಷ್ಟ, ಗೀರಿದ ಮೇಲಂತೂ ಅರಿಶಿನ, ಕವಳದ ಕೆಂಪು ಕೂತರೆ ಹೋಗದು. ಕವಳದ ಸುಣ್ಣ ಕೆಳಗಿನ ಎದುರು ಹಲ್ಲುಗಳ ಹಿಂದೆ ಗಾರೆಗಟ್ಟಿದರೆ ಲೋಹದ ಪಟ್ಟಿ ಸರಿಯಾಗಿ ಕೂರುವುದಿಲ್ಲ, ಆರು ತಿಂಗಳಿಗೊಮ್ಮೆ ಹಲ್ಲು ಸ್ವಚ್ಛ ಮಾಡಿಸಿಕೊಳ್ಳಲೇಬೇಕು. ಲೋಹವಿರುವ ಸೆಟ್ಟನ್ನು ಬ್ಲೀಚಿನ ನೀರಿಗೆ ಹಾಕಬೇಡಿ, ಕಪ್ಪಾಗುತ್ತದೆ. ಅಕ್ರಿಲಿಕ್ಕನ್ನು ಕುದಿನೀರಿಗೆ ಹಾಕಬೇಡಿ, ಸೊಟ್ಟಗಾಗುತ್ತದೆ. ರಾತ್ರಿ ತೆಗೆದು ನೀರಿನ ಬಟ್ಟಲಲ್ಲಿಡುವುದು ಎಲ್ಲ ಬಗೆಗೂ ಅನ್ವಯ. ಹಗಲು-ರಾತ್ರಿ ಹಾಕಿಕೊಂಡೇ ಇದ್ದರೆ ಪ್ಲೇಟಿನ ಅಡಿ ಅಂಗುಳು ಕೆಂಪಗೆ ಹುಣ್ಣಿನಂತಾಗುತ್ತದೆ. ಅದಕ್ಕೆ ಹೆಚ್ಚಾಗಿ ಕಾರಣ ಕ್ಯಾಂಡಿಡಾ ಶಿಲೀಂಧ್ರ, ಸೆಟ್ಟಿನ ಅಲರ್ಜಿಯಲ್ಲ.

ಮುರಿದರೆ ಮನೆಯಲ್ಲಿ ಅಂಟು ಹಾಕಬೇಡಿ. ಅಂಟಿನ ಪದರದಿಂದ ಬಿರುಕಿನ ಅಂಚುಗಳು ಮತ್ತೆ ಕೂಡುವುದಿಲ್ಲ, ಅರ್ಧ ಗಂಟೆಯ ರಿಪೇರಿ ಹೊಸ ಸೆಟ್ಟಿನ ಲೆಕ್ಕಕ್ಕೆ ಹೋಗುತ್ತದೆ. ತುಂಡುಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಸುತ್ತಿ, ಕ್ಲಿಪ್ಪಿನ ತುದಿ ಉದುರಿದ್ದರೆ ಅದನ್ನೂ ಹುಡುಕಿ ತನ್ನಿ. ಅದು ಸಿಗದಿದ್ದರೆ, ಮುರಿದದ್ದು ಊಟದ ಹೊತ್ತಿನಲ್ಲಾದರೆ, ಎದೆ ಮತ್ತು ಹೊಟ್ಟೆಯ ಎಕ್ಸ್‌ರೇ ಮೊದಲು, ಸೆಟ್ಟಿನ ಮಾತು ಆಮೇಲೆ.